ಧರ್ಮ ಸಾರಲು ಬಂದು ನಿಘಂಟು ಕೊಟ್ಟ ಕಿಟೆಲ್

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳು ಕೇಳಿದಾಗ, ಒಬ್ಬ ಮಹನೀಯರ ಜೀವನ ಚರಿತ್ರೆ ಬರೆಯುತ್ತೇನೆಂದು ಒಪ್ಪಿಕೊಂಡೆ. ಯಾರ ಬಗ್ಗೆ ಎಂದು ಕೇಳಿದರು. ರೆವರೆಂಡ್ ಫರ್ಡಿನೆಂಡ್ ಕಿಟೆಲ್ ಎಂದೆ. ಸಭೆಯಲ್ಲಿದ್ದ ಹಿರಿಯರೊಬ್ಬರು, ಕುರುಬರಹಳ್ಳಿ ಇನ್ನೂ ನಿಜವಾದ ಹಳ್ಳಿಯಾಗಿದ್ದ ಕಾಲವನ್ನು ಕಂಡವರು, ಒಂದು ಪ್ರಶ್ನೆ ಹಾಕಿದರು. ನಮ್ಮವರೇ ಇಷ್ಟು ಜನ ದೊಡ್ಡವರು ಇರುವಾಗ, ನಮ್ಮ ದೇವರು ಸುಳ್ಳೆಂದು ಹೇಳಲು ಹಡಗು ಹತ್ತಿ ಬಂದ ಪಾದ್ರಿಯ ಕಥೆ ನಮ್ಮ ಶಾಲೆಯ ಪುಸ್ತಕಕ್ಕೆ ಏಕೆ ಎಂದರು. ಕೋಪದಿಂದ ಕೇಳಿದ್ದಲ್ಲ. ಆದರೂ ಆ ಪ್ರಶ್ನೆಗೆ ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ಈ ಲೇಖನ ಅವರಿಗೆ ಕೊಡಬೇಕಾಗಿದ್ದ ಉತ್ತರ ಎಂದು ತಿಳಿದರೂ ಆದೀತು.

ಮೊದಲು ಕಿಟೆಲ್ ಅವರ ಹೆಸರು ನನ್ನ ಕಿವಿಗೆ ಬಿದ್ದದ್ದು ಹೇಗೆಂದು ಹೇಳಬೇಕು. ನಾನು ಎಂಟನೇ ತರಗತಿಯಲ್ಲಿದ್ದಾಗ ಕನ್ನಡ ಮೇಷ್ಟ್ರು ಬೇಸಿಗೆ ರಜೆಯ ಬಗ್ಗೆ ಪ್ರಬಂಧ ಬರೆಸಿದ್ದರು. ರಜೆಯಲ್ಲಿ ನಾನು ಶಿರಾ ಕಡೆಯ ಅಜ್ಜಿಯ ಊರಿಗೆ ಹೋಗಿದ್ದೆ. ಅಜ್ಜಿಯ ಮನೆಯ ಮುಂದೆ ರಾಗಿ ತುಂಬುತ್ತಿದ್ದ ನೆಲದೊಳಗಿನ ಹಗೇವನ್ನು ನೋಡಿ ಬಂದವನು, ಅದನ್ನೇ ಪ್ರಬಂಧದಲ್ಲಿ ಬರೆದೆ. ಎದ್ದು ನಿಂತು ಓದುವಾಗ ಹಗೇವು ಎಂಬ ಮಾತು ಬಂದದ್ದೇ ತಡ, ಇಡೀ ತರಗತಿ ನಕ್ಕಿತು. ಮಹಾಲಕ್ಷ್ಮಿ ಲೇಔಟಿನಲ್ಲಿ ಬೆಳೆದ ಮಕ್ಕಳಿಗೆ ಆ ಪದ ಎಲ್ಲಿ ಗೊತ್ತಿರಬೇಕು? ಅದು ತಪ್ಪು ಪದವೆಂದು, ಹಳ್ಳಿಯವರ ಅಡ್ಡ ಮಾತೆಂದು ನನಗೂ ಅನಿಸಿ ನಾಚಿಕೆಯಾಯಿತು. ಮೇಷ್ಟ್ರು ಮಾತ್ರ ನಗಲಿಲ್ಲ. ತಮಗೂ ಸರಿಯಾಗಿ ಗೊತ್ತಿಲ್ಲ, ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ ಎಂದರು. ಮೇಷ್ಟ್ರೊಬ್ಬರು ತಮಗೆ ಗೊತ್ತಿಲ್ಲವೆಂದು ಮಕ್ಕಳ ಮುಂದೆ ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಮರುದಿನ ಬಟ್ಟೆ ಚೀಲದಲ್ಲಿ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ ತಂದರು. ಹಾಳೆ ತಿರುವಿ ನನ್ನನ್ನು ಹತ್ತಿರ ಕರೆದು ತೋರಿಸಿದರು. ಹಗೆ, ಹಗೇವು, ಅರ್ಥ, ಧಾನ್ಯ ತುಂಬಿಡುವ ನೆಲದೊಳಗಿನ ಕಣಜ. ನನ್ನ ಅಜ್ಜಿಯ ಮಾತು ಅಚ್ಚಿನಲ್ಲಿತ್ತು. ಜರ್ಮನಿಯಿಂದ ಬಂದ ಒಬ್ಬ ಪಾದ್ರಿ ನೂರು ವರ್ಷಕ್ಕೂ ಹಿಂದೆ ನಮ್ಮ ಅಜ್ಜಿಯಂಥವರ ಮಾತನ್ನು ಕೇಳಿ ಬರೆದಿಟ್ಟಿದ್ದಾರೆ ಎಂದು ಮೇಷ್ಟ್ರು ಇಡೀ ತರಗತಿಗೆ ಹೇಳಿದರು. ಆಮೇಲೆ ಯಾರೂ ನಗಲಿಲ್ಲ.

ಇನ್ನು ಕಿಟೆಲ್ ಅವರ ಬದುಕಿಗೆ ಬರುತ್ತೇನೆ.

ಫರ್ಡಿನೆಂಡ್ ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ವಾಯವ್ಯದಲ್ಲಿ ಸಮುದ್ರದಂಚಿಗಿರುವ ಈಸ್ಟ್ ಫ್ರೀಸ್‌ಲ್ಯಾಂಡ್ ಎಂಬ ಸೀಮೆಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ. ತಂದೆ ಪ್ರಾಟೆಸ್ಟೆಂಟ್ ಚರ್ಚಿನ ಪಾದ್ರಿ. ಆ ಸೀಮೆಯ ಜನರ ಆಡುಮಾತು ಬೇರೆ, ಚರ್ಚಿನಲ್ಲೂ ಪುಸ್ತಕದಲ್ಲೂ ಇರುವ ಜರ್ಮನ್ ಬೇರೆ. ನಮ್ಮಲ್ಲಿ ಅಜ್ಜಿಯ ಮಾತಿಗೂ ಪಠ್ಯಪುಸ್ತಕದ ಕನ್ನಡಕ್ಕೂ ಇರುವಂಥದೇ ಅಂತರ. ಔರಿಚ್ ಎಂಬ ಊರಿನ ಶಾಲೆಯಲ್ಲಿ ಹುಡುಗ ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಕಲಿತ. ಭಾಷೆ ಕಲಿಯುವುದರಲ್ಲಿ ಚುರುಕು. 1850ರಲ್ಲಿ, ಹದಿನೆಂಟು ತುಂಬಿದಾಗ, ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದ ಮಿಷನ್ ಶಾಲೆಗೆ ಸೇರಿದ. ಮೂರು ವರ್ಷದ ಶಿಕ್ಷಣ ಮುಗಿಸಿ 1853ರಲ್ಲಿ ಕನ್ನಡ ನಾಡಿಗೆ ಹೊರಟ. ಆಗ ವಯಸ್ಸು ಇಪ್ಪತ್ತೊಂದು. ನಮ್ಮಲ್ಲಿ ಹುಡುಗರು ಇಂಜಿನಿಯರಿಂಗ್ ಕಡೆಯ ವರ್ಷದಲ್ಲಿ ಕ್ಯಾಂಪಸ್ ಸಂದರ್ಶನಕ್ಕೆ ಟೈ ಕಟ್ಟುವ ವಯಸ್ಸು.

ಇಷ್ಟು ದೂರ ಒಬ್ಬ ಹುಡುಗ ಏಕೆ ಬಂದ? ಇದಕ್ಕೆ ಉತ್ತರ ತಿಳಿಯಲು ಯೂರೋಪಿನ ಮುನ್ನೂರು ವರ್ಷದ ಕಥೆಯನ್ನು ಸ್ವಲ್ಪ ನೋಡಬೇಕು. ಅದನ್ನು ಬಿಟ್ಟರೆ ಕಿಟೆಲ್ ಅರ್ಥವಾಗುವುದಿಲ್ಲ.

1517ರಲ್ಲಿ ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ ಚರ್ಚಿನ ವ್ಯವಸ್ಥೆಯನ್ನು ಪ್ರಶ್ನಿಸಿದರು. ದೇವರಿಗೂ ಮನುಷ್ಯನಿಗೂ ನಡುವೆ ಪೂಜಾರಿಯ ಅಧಿಕಾರ ಬೇಡ, ಧರ್ಮಗ್ರಂಥವನ್ನು ಪ್ರತಿಯೊಬ್ಬನೂ ತಾನೇ ಓದಿ ತಿಳಿಯಬೇಕು ಎಂಬುದು ಅವರ ಮುಖ್ಯ ವಾದಗಳಲ್ಲಿ ಒಂದು. ಹಾಗೆ ಹೇಳಿದ ಮೇಲೆ ಎರಡು ಕೆಲಸ ತಾನಾಗಿಯೇ ತಲೆಯ ಮೇಲೆ ಬಿತ್ತು. ಒಂದು, ಗ್ರಂಥ ಜನರ ಮಾತಿನಲ್ಲಿರಬೇಕು. ಎರಡು, ಜನರಿಗೆ ಓದು ಬರಬೇಕು. ಲೂಥರ್ ಬೈಬಲನ್ನು ಜರ್ಮನ್ ಭಾಷೆಗೆ ತಂದರು. ಪೂರ್ತಿ ಬೈಬಲ್ 1534ರಲ್ಲಿ ಹೊರಬಂತು. ಅದಕ್ಕೂ ಸುಮಾರು ಎಂಬತ್ತು ವರ್ಷ ಮೊದಲೇ ಗುಟೆನ್‌ಬರ್ಗ್ ಅಚ್ಚಿನ ಯಂತ್ರ ಬಂದಿದ್ದರಿಂದ ಈ ವಿಚಾರ ಕಾಳ್ಗಿಚ್ಚಿನಂತೆ ಹಬ್ಬಿತು. 17ನೇ ಶತಮಾನದ ಕೊನೆಯ ಹೊತ್ತಿಗೆ ಜರ್ಮನಿಯಲ್ಲಿ ಪಯಟಿಸಂ ಎಂಬ ಭಕ್ತಿ ಚಳವಳಿ ಹುಟ್ಟಿತು. ಬಾಯಲ್ಲಿ ತತ್ವ ಹೇಳಿದರೆ ಸಾಲದು, ಅಂತರಂಗ ಶುದ್ಧವಾಗಬೇಕು, ಕಾಯಕದಲ್ಲಿ ಅದು ಕಾಣಬೇಕು ಎಂದು ಹೇಳಿದ ಪಂಥ ಅದು. ಅನಾಥರಿಗೂ ಬಡವರ ಮಕ್ಕಳಿಗೂ ಶಾಲೆ ತೆರೆದವರು ಅವರು. 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ ಈ ಪಂಥದ ಕೂಸು.

ಇದನ್ನು ಓದುವಾಗ ನಮ್ಮ 12ನೇ ಶತಮಾನದ ಶರಣರು ನೆನಪಿಗೆ ಬಾರದಿರುವುದಿಲ್ಲ. ನಡುವೆ ಮಧ್ಯವರ್ತಿ ಬೇಡ, ಜನರ ಮಾತಿನಲ್ಲೇ ದೇವರನ್ನು ಮಾತಾಡಿಸಬಹುದು, ಕಾಯಕ ಮುಖ್ಯ ಎಂಬುದನ್ನು ಲೂಥರ್‌ಗಿಂತ ಮುನ್ನೂರೈವತ್ತು ವರ್ಷ ಮೊದಲೇ ಕಲ್ಯಾಣದಲ್ಲಿ ಹೇಳಿ ಆಗಿತ್ತು. ಆದ್ದರಿಂದ ಒಳ್ಳೆಯದೆಲ್ಲ ಪಶ್ಚಿಮದಿಂದಲೇ ಬಂತೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಆಗ ಅಚ್ಚಿನ ಯಂತ್ರವಿರಲಿಲ್ಲ, ಊರೂರಿಗೆ ಶಾಲೆಯೂ ಇರಲಿಲ್ಲ. ವಚನಗಳು ಓಲೆಗರಿಯಲ್ಲಿ, ಮಠಗಳಲ್ಲಿ, ಹಾಡುವವರ ಬಾಯಲ್ಲಿ ಉಳಿದವು. ಅವರಲ್ಲಿ ಅದೇ ಬಗೆಯ ಆಲೋಚನೆ ಪುಸ್ತಕವೂ ಶಾಲೆಯೂ ಆಯಿತು. ವ್ಯತ್ಯಾಸ ಇರುವುದು ಅಲ್ಲಿ.

ಕಿಟೆಲ್ ಬರುವ ಹೊತ್ತಿಗೆ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. 1834ರಲ್ಲಿ ಮೂವರು ಬಂದಿಳಿದಿದ್ದರು. ಅವರ ಹಿಂದೆ 1836ರಲ್ಲಿ ಬಂದವರು ಹರ್ಮನ್ ಮೋಗ್ಲಿಂಗ್. 1843ರಲ್ಲಿ ಮಂಗಳೂರ ಸಮಾಚಾರ ಎಂಬ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದವರು ಇವರೇ. ಹಳೆಯ ಕನ್ನಡ ಕಾವ್ಯಗಳನ್ನು, ದಾಸರ ಪದಗಳನ್ನು ಹುಡುಕಿ ಅಚ್ಚು ಹಾಕಿಸಿದವರೂ ಇವರೇ. ಮೋಗ್ಲಿಂಗ್ ಓದಿದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ. ತತ್ವಜ್ಞಾನಿ ಹೆಗೆಲ್ ಕೂಡ ಯೌವನದಲ್ಲಿ ಓದಿದ ಊರು ಅದು. 1835ರಲ್ಲಿ ಅಲ್ಲಿನ ಡೇವಿಡ್ ಸ್ಟ್ರೌಸ್ ಎಂಬ ಯುವ ಪಂಡಿತರು ಯೇಸುವಿನ ಜೀವನ ಕುರಿತು ಪುಸ್ತಕ ಬರೆದು, ಬೈಬಲನ್ನೂ ಬೇರೆ ಹಳೆಯ ಗ್ರಂಥಗಳಂತೆಯೇ ಚರಿತ್ರೆಯ ಕಣ್ಣಿನಿಂದ ಪರೀಕ್ಷಿಸಬೇಕೆಂದಾಗ ಯೂರೋಪಿನಲ್ಲಿ ದೊಡ್ಡ ಗದ್ದಲವಾಯಿತು. ಮಿಷನ್ನಿನ ಭಕ್ತರು ಸ್ಟ್ರೌಸ್ ಹೇಳಿದ್ದನ್ನು ಒಪ್ಪುವವರಲ್ಲ. ಆದರೆ ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ನೋಡು, ಮೂಲ ಯಾವುದು ಕೇಳು, ಆಧಾರ ಕೊಡು ಎಂಬ ವಿದ್ಯೆಯ ಗಾಳಿ ಆ ಕಾಲದ ಜರ್ಮನ್ ಓದುಬಲ್ಲವರೆಲ್ಲರಿಗೂ ತಗುಲಿತ್ತು.

ಇನ್ನೊಂದು ಗಾಳಿಯೂ ಬೀಸುತ್ತಿತ್ತು. ಹರ್ಡರ್ ಎಂಬ ಜರ್ಮನ್ ಚಿಂತಕರು 18ನೇ ಶತಮಾನದಲ್ಲಿಯೇ ಭಾಷೆಯ ಹುಟ್ಟಿನ ಬಗ್ಗೆ ಬರೆದಿದ್ದರು. ಒಂದು ಜನಾಂಗದ ಮನಸ್ಸು ಅದರ ಭಾಷೆಯಲ್ಲಿ, ಅದರ ಹಾಡು ಗಾದೆಗಳಲ್ಲಿ ಇರುತ್ತದೆ. ಯಾವ ಜನರ ಮಾತೂ ಕೀಳಲ್ಲ ಎಂಬುದು ಅವರ ಆಲೋಚನೆಯ ಸಾರ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಎಂಬ ನ್ಯಾಯಾಧೀಶರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಬೇರಿನಿಂದ ಬಂದಿರಬೇಕೆಂದು ಹೇಳಿದ ಮೇಲೆ ಭಾಷೆಗಳನ್ನು ಹೋಲಿಸುವುದೇ ಒಂದು ಶಾಸ್ತ್ರವಾಯಿತು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಎಂಬ ಇನ್ನೊಬ್ಬ ಪಾದ್ರಿ ತಮಿಳು, ಕನ್ನಡ, ತೆಲುಗು, ಮಲಯಾಳ, ತುಳು ಇವೆಲ್ಲ ದ್ರಾವಿಡ ಎಂಬ ಬೇರೊಂದು ಕುಟುಂಬವೆಂದು ವ್ಯಾಕರಣದ ಮೂಲಕ ವಿವರಿಸಿದರು. ಕನ್ನಡ ಸಂಸ್ಕೃತದ ಮಗಳಲ್ಲ, ಅದಕ್ಕೆ ಅದರದೇ ಬೇರು ಇದೆ ಎಂದು ಇಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ! ಆ ಮಾತು ನಮ್ಮ ಬಾಯಿಗೆ ಬಂದ ದಾರಿಯಲ್ಲಿ ಇಂಥ ಪುಸ್ತಕಗಳಿವೆ.

ಕಿಟೆಲ್ ಮೊದಲು ನೆಲೆಸಿದ್ದು ಧಾರವಾಡದಲ್ಲಿ. ಬಂದ ಕೆಲಸ ಧರ್ಮಪ್ರಚಾರ. ಆದರೆ ಜನರ ಮನಸ್ಸು ಮುಟ್ಟಬೇಕಾದರೆ ಜನರ ಮಾತು ಬರಬೇಕು. ಬರಿಯ ಸಂತೆ ಮಾತು ಸಾಲದು, ಅವರ ಕಾವ್ಯ, ಗಾದೆ, ಶಾಸ್ತ್ರ ಎಲ್ಲವೂ ತಿಳಿದಿರಬೇಕು ಎಂದು ಅವರಿಗೆ ತೋರಿತು. ಊರೂರು ನಡೆದರು. ಪಂಡಿತರ ಬಳಿ ಕುಳಿತು ಹಳಗನ್ನಡ ಓದಿದರು, ಸಂಸ್ಕೃತ ಓದಿದರು. ಮುಂದೆ ಮಂಗಳೂರಿನಲ್ಲಿಯೂ ಮಡಿಕೇರಿಯಲ್ಲಿಯೂ ಇದ್ದರು. ಓದಿನ ಹುಚ್ಚು ಹಿಡಿದ ಈ ಹುಡುಗ ಪ್ರಚಾರದ ಕೆಲಸಕ್ಕೆ ಎಷ್ಟು ಒದಗುತ್ತಾನೆಂಬ ಅನುಮಾನ ಅವರ ಮೇಲಿನವರಿಗೆ ಇಲ್ಲದಿರಲಿಲ್ಲ. ಮಿಷನ್ನಿನ ಒಳಗೆ ಅವರು ಸ್ವಲ್ಪ ಒಂಟಿಯಾಗಿಯೇ ಉಳಿದರು.

1862ರಲ್ಲಿ ಕಥಾಮಾಲೆ ಎಂಬ ಪುಸ್ತಕ ಬರೆದರು. ಯೇಸುವಿನ ಕಥೆಯನ್ನು ಕನ್ನಡದ ಪದ್ಯದಲ್ಲಿ, ನಮ್ಮ ಛಂದಸ್ಸಿನಲ್ಲಿ ಹೇಳುವ ಪ್ರಯತ್ನ ಅದು. ಕಥೆ ಅವರದು, ನಡಿಗೆ ನಮ್ಮದು. ಇಲ್ಲಿಂದಲೇ ಅವರ ಬದುಕು ಒಂದು ತಿರುವು ಪಡೆದಂತೆ ನನಗೆ ಕಾಣುತ್ತದೆ. ಛಂದಸ್ಸು ಬೇಕಾದವನು ನಾಗವರ್ಮನ ಬಳಿ ಹೋಗಬೇಕು. ವ್ಯಾಕರಣ ಬೇಕಾದವನು ಕೇಶಿರಾಜನ ಬಳಿ ಹೋಗಬೇಕು. ಕಿಟೆಲ್ ಹೋದರು. ಓಲೆಗರಿಯ ಪ್ರತಿಗಳನ್ನು ಕೂಡಿಸಿದರು. ಒಂದು ಪ್ರತಿಯಲ್ಲಿದ್ದದ್ದು ಇನ್ನೊಂದರಲ್ಲಿ ಇರುವುದಿಲ್ಲ. ನಕಲು ಮಾಡಿದವನು ಒಂದು ಅಕ್ಷರ ಬಿಟ್ಟಿರುತ್ತಾನೆ, ಇನ್ನೊಬ್ಬ ತನ್ನದೊಂದು ಸಾಲು ಸೇರಿಸಿರುತ್ತಾನೆ. ಹೋಲಿಸಿ, ಪಾಠಾಂತರ ಗುರುತಿಸಿ, 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನೂ ಅಚ್ಚಿಗೆ ತಂದರು. ಎರಡನೆಯದರ ಮುನ್ನುಡಿಯ ಜೊತೆ ಕನ್ನಡ ಸಾಹಿತ್ಯದ ಚರಿತ್ರೆಯ ಬಗ್ಗೆ ಒಂದು ದೀರ್ಘ ಪ್ರಬಂಧವನ್ನೂ ಬರೆದರು. ಬೈಬಲ್ಲಿನ ಹಸ್ತಪ್ರತಿಗಳಿಗಾಗಿ ಯೂರೋಪಿನಲ್ಲಿ ಬೆಳೆದ ವಿದ್ಯೆ ಹೀಗೆ ನಮ್ಮ ಕೇಶಿರಾಜನ ಸೇವೆಗೆ ಬಂತು.

ಈ ನಡುವೆ ಮನೆಯಲ್ಲಿ ಕಷ್ಟ ಬಂದಿತ್ತು. 1860ರಲ್ಲಿ ಪಾಲಿನ್ ಐಟ್ ಎಂಬುವರನ್ನು ಮದುವೆಯಾಗಿದ್ದರು. ನಾಲ್ಕೇ ವರ್ಷದಲ್ಲಿ, 1864ರಲ್ಲಿ, ಪತ್ನಿ ತೀರಿಕೊಂಡರು. ಮೂರು ವರ್ಷದ ನಂತರ ಆಕೆಯ ತಂಗಿ ಜೂಲಿಯವರನ್ನು ಮದುವೆಯಾದರು. ಆ ಕಾಲದಲ್ಲಿ ಈ ನಾಡಿಗೆ ಬಂದ ಮಿಷನ್ ಕುಟುಂಬಗಳಲ್ಲಿ ಜ್ವರಕ್ಕೂ ಭೇದಿಗೂ ಹೆಂಡತಿ ಮಕ್ಕಳನ್ನು ಒಪ್ಪಿಸದವರು ವಿರಳ. ಆದರೂ ಕಿಟೆಲ್ ಕೆಲಸ ಬಿಟ್ಟು ಹೋಗಲಿಲ್ಲ.

ಕನ್ನಡಕ್ಕೆ ಅದಕ್ಕೂ ಮೊದಲು ನಿಘಂಟು ಇರಲಿಲ್ಲವೆಂದಲ್ಲ. ವಿಲಿಯಂ ರೀವ್ ಎಂಬ ಪಾದ್ರಿಯ ನಿಘಂಟು 1832ರಲ್ಲಿ, ಅಂದರೆ ಕಿಟೆಲ್ ಹುಟ್ಟಿದ ವರ್ಷವೇ ಬಂದಿತ್ತು. ಅದನ್ನು ಸ್ಯಾಂಡರ್ಸನ್ ಎಂಬುವರು 1858ರಲ್ಲಿ ಪರಿಷ್ಕರಿಸಿದ್ದರು. ಆದರೆ ಹಳಗನ್ನಡದಿಂದ ಆಡುಮಾತಿನವರೆಗೆ ಎಲ್ಲವನ್ನೂ ಒಳಗೊಂಡ, ಆಧಾರ ಸಹಿತವಾದ ಒಂದು ನಿಘಂಟು ಬೇಕಿತ್ತು. ಆ ಕೆಲಸ ಕಿಟೆಲ್ ಹೆಗಲಿಗೆ ಬಂತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಹೊತ್ತರು.

ಆರೋಗ್ಯ ಕೆಟ್ಟು 1877ರಲ್ಲಿ ಜರ್ಮನಿಗೆ ಮರಳಿದರು. ಅಲ್ಲಿ ಕೂತು ಮುಗಿಸಿಬಿಡಬಹುದಿತ್ತು. ಆದರೆ ಜನರ ಬಾಯಿಂದ ಕೇಳಿ ಖಾತ್ರಿ ಮಾಡಿಕೊಳ್ಳದೆ ಪದಕ್ಕೆ ಅರ್ಥ ಬರೆಯುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಕನ್ನಡ ನಾಡಿಗೆ ಬಂದು ಒಂಬತ್ತು ವರ್ಷ ಇದ್ದರು. ಪಂಡಿತರನ್ನು ಕೇಳಿದರು, ರೈತರನ್ನು ಕೇಳಿದರು, ಗಾದೆಗಳನ್ನು ಕೂಡಿಸಿದರು. 1892ರಲ್ಲಿ ಕೊನೆಯ ಬಾರಿಗೆ ಇಲ್ಲಿಂದ ಹೊರಟರು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕನ್ನಡ ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ಕಿಟೆಲ್ ಅವರಿಗೆ ಆಗ ಅರವತ್ತೆರಡು.

ನಾನು ವೃತ್ತಿಯಿಂದ ಸಾಫ್ಟ್‌ವೇರ್ ಇಂಜಿನಿಯರ್. ಮಾಹಿತಿಯನ್ನು ಹೇಗೆ ಜೋಡಿಸಿಟ್ಟರೆ ಬೇಕಾದಾಗ ಸಿಗುತ್ತದೆ ಎಂಬುದೇ ನನ್ನ ದಿನನಿತ್ಯದ ಕೆಲಸ. ಆ ಕಣ್ಣಿನಿಂದ ಈ ನಿಘಂಟನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಪದ ಅಚ್ಚಗನ್ನಡದ್ದೋ ಸಂಸ್ಕೃತದಿಂದ ಬಂದದ್ದೋ ಎಂದು ಬಿಡಿಸಿ ತೋರಿಸಿದ್ದಾರೆ. ಅದರ ನೆಂಟರು ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಯಾರೆಂದು ಕೊಟ್ಟಿದ್ದಾರೆ. ಯಾವ ಗ್ರಂಥದಲ್ಲಿ ಬಂದಿದೆ ಎಂದು ಸಣ್ಣ ಸಂಕೇತದಲ್ಲಿ ಗುರುತಿಸಿದ್ದಾರೆ. ಮೈಸೂರು ಸೀಮೆಯ ಮಾತಿಗೆ ಒಂದು ಗುರುತು, ಧಾರವಾಡದ ಕಡೆಯ ಮಾತಿಗೆ ಇನ್ನೊಂದು. ಬಳಕೆ ತಪ್ಪಿಹೋಗಿದ್ದ ಹಳೆಯ ಱ ಮತ್ತು ೞ ಅಕ್ಷರಗಳನ್ನು ಕೂಡ ಬಿಟ್ಟಿಲ್ಲ. ಸಂಸ್ಕೃತವೇ ದ್ರಾವಿಡ ಭಾಷೆಗಳಿಂದ ಪಡೆದಿರಬಹುದಾದ ನೂರಾರು ಪದಗಳ ಪಟ್ಟಿಯನ್ನು ಮುನ್ನುಡಿಯಲ್ಲಿ ಕೊಟ್ಟಿದ್ದಾರೆ. ಕಂಪ್ಯೂಟರ್ ಇಲ್ಲ, ಜೆರಾಕ್ಸ್ ಇಲ್ಲ, ವಿದ್ಯುತ್ ದೀಪವೂ ಇಲ್ಲ. ಒಂದು ಪದದ ಜಾಗ ತಪ್ಪಿದರೆ ಹುಡುಕಲು ಕೈಬರಹದ ಕಾಗದಗಳ ರಾಶಿಯೇ ಗತಿ.

ಎರಡು ವರ್ಷದ ನಂತರ, 1896ರಲ್ಲಿ, ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕಿಟೆಲ್ ಸುಮ್ಮನೆ ಕೂರಲಿಲ್ಲ. ಕನ್ನಡ ವ್ಯಾಕರಣವೊಂದನ್ನು ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ಮುಂದೆ ಮದರಾಸು ವಿಶ್ವವಿದ್ಯಾಲಯದಿಂದ ಮರಿಯಪ್ಪ ಭಟ್ಟರು ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ತಂದರು. ಧಾರವಾಡದಲ್ಲಿ ಕಿಟೆಲ್ ಹೆಸರಿನ ಕಾಲೇಜಿದೆ.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಕಿಟೆಲ್ ನಮ್ಮ ನಂಬಿಕೆಗಳನ್ನು ಗೌರವಿಸಿದ ಸಂತರೆಂದು ನಾನು ಬಣ್ಣ ಹಚ್ಚುವುದಿಲ್ಲ. ಯಜ್ಞದ ಬಗ್ಗೆಯೂ, ಲಿಂಗಪೂಜೆಯ ಮೂಲದ ಬಗ್ಗೆಯೂ ಅವರು ಬರೆದಿದ್ದಾರೆ. ಓದು ಆಳವಾದದ್ದು, ನೋಟ ಮಾತ್ರ ಪಾದ್ರಿಯದೇ. ತಮ್ಮ ಧರ್ಮವೇ ಸತ್ಯವೆಂಬ ನಂಬಿಕೆಯನ್ನು ಅವರು ಬಿಡಲಿಲ್ಲ. ಭಾಷೆಗಳನ್ನು ಕುಟುಂಬಗಳಾಗಿ ವಿಂಗಡಿಸಿದ ಅದೇ ಯೂರೋಪಿನ ಶಾಸ್ತ್ರವನ್ನು ಕೆಲವರು ಮನುಷ್ಯರನ್ನೇ ಮೇಲು ಕೀಳು ಜನಾಂಗಗಳಾಗಿ ವಿಂಗಡಿಸಲು ಬಳಸಿದರು. ಅದರ ಕೇಡನ್ನು ಜಗತ್ತು ಅನುಭವಿಸಿದೆ. ಮಿಷನ್ನಿನವರ ಹಿಂದೆ ಪರದೇಶಿ ಸರ್ಕಾರದ ನೆರಳೂ ಇತ್ತು. ಇದನ್ನೆಲ್ಲ ಮರೆಮಾಚಿದರೆ ಕಿಟೆಲ್ ಅವರಿಗೇ ಅವಮಾನ. ಆಧಾರವಿಲ್ಲದೆ ಒಂದು ಪದದ ಅರ್ಥವನ್ನೂ ಹೇಳದವರು ಅವರು.

ಆದರೆ ಇನ್ನೊಂದು ಕಡೆಯನ್ನೂ ನೋಡಬೇಕು. ಅವರು ಬಂದದ್ದು ನಮ್ಮನ್ನು ಬದಲಾಯಿಸಲು. ಅವರು ಸಾರಿದ ಧರ್ಮಕ್ಕೆ ಇಲ್ಲಿ ಸೇರಿದವರು ಜನಸಂಖ್ಯೆಯಲ್ಲಿ ಬಹಳ ಕಡಿಮೆ. ಆದರೆ ಆ ಧರ್ಮದ ಹಿಂದಿದ್ದ ಕೆಲವು ವಿಚಾರಗಳು, ಯಾರೂ ಮತಾಂತರವಾಗದೆಯೇ, ನಮ್ಮೆಲ್ಲರ ಮನೆಗೆ ಬಂದು ಕೂತಿವೆ. ಯಾವ ಜಾತಿಯ ಮಗುವೇ ಆಗಲಿ ಓದು ಕಲಿಯಬೇಕು. ತಾಯಿನುಡಿಯಲ್ಲಿ ಕಲಿಯಬೇಕು. ಶಾಸ್ತ್ರದಲ್ಲಿ ಏನಿದೆ ಎಂದು ಬೇರೆಯವರು ಹೇಳಿದ್ದನ್ನು ನಂಬುವ ಬದಲು ತಾನೇ ಪುಸ್ತಕ ತೆಗೆದು ನೋಡಬೇಕು. ಹೇಳಿದ ಮಾತಿಗೆ ಆಧಾರ ಕೊಡಬೇಕು. ಇವುಗಳಲ್ಲಿ ಕೆಲವನ್ನು ನಮ್ಮ ಶರಣರು ಹೇಳಿದ್ದರು, ಕೆಲವು ಹೊಸದಾಗಿ ಬಂದವು, ನಮ್ಮದೇ ಸಮಾಜ ಸುಧಾರಕರೂ ಸರ್ಕಾರಗಳೂ ಇವನ್ನು ಕೈಗೆತ್ತಿಕೊಂಡವು. ಎಲ್ಲ ಸೇರಿ ಕೊನೆಗೆ ಏನಾಯಿತೆಂದರೆ, ನಮ್ಮ ಸರ್ಕಾರಿ ಪ್ರೌಢಶಾಲೆಯಂಥ ಶಾಲೆಯಾಯಿತು. ಒಂದೇ ಬೆಂಚಿನ ಮೇಲೆ ಕಾರ್ಖಾನೆ ಕೆಲಸಗಾರನ ಮಗ, ಹೂ ಮಾರುವವರ ಮಗಳು, ಅಂಗಡಿಯವರ ಮಗ ಕೂತು ಒಂದೇ ಪಾಠ ಓದುವುದು ನಮಗೆ ಸಹಜವಾಗಿ ಕಾಣುತ್ತದೆ. ನಮ್ಮ ಮುತ್ತಜ್ಜನ ಕಾಲಕ್ಕೆ ಅದು ಸಹಜವಾಗಿರಲಿಲ್ಲ.

ನನ್ನ ವಿಷಯಕ್ಕೆ ಬಂದರೆ, ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಪಿಯುಸಿಗೆ, ಆಮೇಲೆ ಬಿ.ಇ.ಗೆ ಸೇರಿ ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನು ಬಹಳ ವರ್ಷ ಮುಚ್ಚಿಟ್ಟುಕೊಂಡೇ ಬದುಕಿದೆ. ಕೆಲಸಕ್ಕೆ ಸೇರಿದ ಮೇಲಂತೂ ಕನ್ನಡ ಮನೆಗೆ ಮಾತ್ರ ಎಂದಾಯಿತು. ಕೆಲವು ವರ್ಷಗಳ ಹಿಂದೆ ನಮ್ಮ ತಂಡಕ್ಕೆ ಮೊಬೈಲಿನಲ್ಲಿ ಕನ್ನಡ ಬರೆಯುವಾಗ ತಪ್ಪಕ್ಷರ ಗುರುತಿಸುವ ಕೆಲಸ ಬಂತು. ಕನ್ನಡ ಬಲ್ಲವನು ನಾನೊಬ್ಬನೇ. ಪರೀಕ್ಷೆಗೆಂದು ಮನಸ್ಸಿಗೆ ಬಂದ ಪದಗಳನ್ನು ಬರೆಯುತ್ತಾ ಹೋದೆ. ಹಗೇವು ಎಂದು ಬರೆದೆ. ಕೆಳಗೆ ಕೆಂಪು ಗೆರೆ ಬಂತು. ಅಂಥ ಪದವೇ ಇಲ್ಲವೆಂದು ಯಂತ್ರ ಹೇಳಿತು.

ಅಜ್ಜಿ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಎಂಟನೇ ತರಗತಿಯ ನಗು ಮತ್ತೆ ಕಿವಿಗೆ ಬಿದ್ದಂತಾಯಿತು. ವ್ಯತ್ಯಾಸವೆಂದರೆ ಈ ಬಾರಿ ನಗುತ್ತಿದ್ದ ಯಂತ್ರವನ್ನು ಮಾಡಿದವರಲ್ಲಿ ನಾನೂ ಒಬ್ಬ. ನಮ್ಮ ಮೇಷ್ಟ್ರು ಮಾಡಿದ್ದನ್ನೇ ನಾನೂ ಮಾಡಿದೆ. ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದು ತಂಡದವರಿಗೆ ತಿಳಿಸಿ, ಸಂಜೆ ಕಿಟೆಲ್ ನಿಘಂಟು ಹುಡುಕಿಕೊಂಡು ಹೋದೆ. ಅಲ್ಲಿಂದ ಮೂರು ತಿಂಗಳು, ಕಚೇರಿ ಕೆಲಸ ಮುಗಿದ ಮೇಲೆ, ದಿನಕ್ಕೆ ಕೆಲವು ಪುಟದಂತೆ ಅದರಿಂದ ಬೇಸಾಯದ, ಅಡುಗೆಮನೆಯ, ಸಂತೆಯ ಪದಗಳನ್ನು ಆರಿಸಿ ಪಟ್ಟಿಗೆ ಸೇರಿಸಿದೆ. ನನ್ನ ಮೂರು ತಿಂಗಳಿಗೇ ಕಣ್ಣು ನೋವು ಬಂತು. ಅವರದು ಇಪ್ಪತ್ತು ವರ್ಷ.

ಕಳೆದ ವರ್ಷ ಮಗಳನ್ನು ಕರೆದುಕೊಂಡು ಮಹಾಲಕ್ಷ್ಮಿ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಎಂ.ಜಿ. ರಸ್ತೆಯಲ್ಲಿರುವ ಕಿಟೆಲ್ ಪ್ರತಿಮೆ ನೋಡಲು ಹೋಗಿದ್ದೆ. ಜನ ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು. ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವವಳು. ಈ ತಾತ ನಮ್ಮವರಾ ಎಂದು ಕೇಳಿದಳು. ಹುಟ್ಟಿದ್ದು ದೂರದಲ್ಲಿ, ಆದರೆ ನಿನ್ನ ಮುತ್ತಜ್ಜಿಯ ಮಾತು ಇವರಿಗೆ ನಿನಗಿಂತ ಚೆನ್ನಾಗಿ ಗೊತ್ತಿತ್ತು ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ನನಗೆ ಮಾತ್ರ ಹೇಳಿದ ಮೇಲೆ ಸ್ವಲ್ಪ ನಾಚಿಕೆಯಾಯಿತು. ತಪ್ಪು ಅವಳದಲ್ಲ.

ಈ ಲೇಖನ ಬರೆದು ಮುಗಿಸಿದ ಮೇಲೆ ಪ್ರಶ್ನೆ ಕೇಳಿದ ಹಿರಿಯರ ಮನೆಗೇ ಹೋಗಿ ಓದಿ ತೋರಿಸಿದೆ. ಪಾದ್ರಿಗಳ ಬಗ್ಗೆ ಅವರ ಅಭಿಪ್ರಾಯ ಬದಲಾಗಲಿಲ್ಲ, ಬದಲಾಗಬೇಕೆಂದು ನಾನೂ ಕೇಳಲಿಲ್ಲ. ಅಚ್ಚು ಹಾಕಿಸಿ ಎಂದರು. ಆಮೇಲೆ ಕಾಫಿ ಕುಡಿಯುತ್ತಾ, ನಿಮ್ಮ ಪುಸ್ತಕದಲ್ಲಿ ಈ ಮಾತುಗಳಿವೆಯೋ ನೋಡಿ ಎಂದು ಮೂರು ಪದ ಹೇಳಿದರು. ಕೂರಿಗೆ ಸಿಕ್ಕಿತು. ಕಪಿಲೆ ಸಿಕ್ಕಿತು. ಮೂರನೆಯದು ಅವರ ಚಿಕ್ಕಂದಿನಲ್ಲಿ ಕೆರೆಯಂಚಿಗೆ ಬೆಳೆಯುತ್ತಿದ್ದ ಒಂದು ಹುಲ್ಲಿನ ಹೆಸರು, ಅದು ಸಿಗಲಿಲ್ಲ. ಯಾವ ಹುಲ್ಲೆಂದು ತೋರಿಸಲು ಈಗ ಆ ಕೆರೆಯೂ ಇಲ್ಲ. ಪದವನ್ನು, ಹೇಳಿದವರ ಊರನ್ನು, ಅವರು ಹೇಳಿದ ಅರ್ಥವನ್ನು ನನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಈಗ ಶಾಲೆಯಲ್ಲಿ ಓದುತ್ತಿರುವ ತಮ್ಮ ತಂಗಿಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲೂ ಅಜ್ಜಿ ತಾತ ಇರುತ್ತಾರೆ. ಮಾಗಡಿ, ಕುಣಿಗಲ್, ತುಮಕೂರು, ಹಾಸನ, ರಾಯಚೂರು, ಎಲ್ಲಿಂದಲೋ ಬಂದಿರುತ್ತಾರೆ. ಅವರು ಆಡುವ, ನಿಮಗೆ ಅರ್ಥವಾಗದ ಹತ್ತು ಪದಗಳನ್ನು ಒಂದು ಹಾಳೆಯಲ್ಲಿ ಬರೆದು ಕನ್ನಡ ಮೇಷ್ಟ್ರಿಗೋ ಮೇಡಂಗೋ ಕೊಡಿ. ಮುಂದಿನ ಐವತ್ತು ವರ್ಷದ ಸಂಚಿಕೆ ತರುವವರಿಗೆ ಆ ಹಾಳೆಗಳು ಬೇಕಾಗುತ್ತವೆ.